ನಡಿಗೆಯ ಗಂಟು

ತಿರುಗಿ ಬಂದ ಪಂಚೆ, ಶಲ್ಯವನ್ನು ಕಂಕುಳಲ್ಲಿ ಅವುಚಿಕೊಂಡೇ ಹಾಲಸ್ವಾಮಿ ಹಿರಿಯೂರು ಸೀಮೆಯ ಐಮಂಗಲದಲ್ಲಿ ಬಸ್ಸಿಳಿದ. ಹೆದ್ದಾರಿ ದಾಟುವಾಗ ಲಾರಿಯವನೊಬ್ಬ ಬೈದ. ಬೇರೆ ದಿನವಾಗಿದ್ದರೆ ಅವನನ್ನು ಕೆಳಗಿಳಿಸದೆ ಬಿಡುತ್ತಿರಲಿಲ್ಲ. ಇವತ್ತು ಸಿಟ್ಟನ್ನು ಹಾದಿಯಲ್ಲಿ ಚೆಲ್ಲುವಂತಿರಲಿಲ್ಲ. ಅಷ್ಟೂ ಈ ಬಟ್ಟೆ ತಿರುಗಿಸಿ ಕಳಿಸಿದ ಕಾಟಮ್ಮನಿಗೆ ಬೇಕಾಗಿತ್ತು.

ತಂಗಿ ಗಿರಿಯಮ್ಮನಿಗೆ ಮುರಿದದ್ದು ಇದು ಮೂರನೆಯ ಸಂಬಂಧ. ಮೊದಲ ಎರಡೂ ಮನೆಯವರು ಮುಖಕ್ಕೇ ಹೇಳಿದ್ದರು: ತಾಳ್ಯದ ಆ ಮನೆಯವರು ಎದೆ ಹಿಡಿದುಕೊಂಡು ಸಾಯುತ್ತಾರೆ, ಅಲ್ಲಿಯ ಹೆಣ್ಣು ಬೇಡ. ಸುಳ್ಳೇನಲ್ಲ. ಅಜ್ಜ ನಲವತ್ತಕ್ಕೆ ಹೋದ. ಅಪ್ಪ ರಂಗಯ್ಯ ಮೂವತ್ತೆಂಟಕ್ಕೆ. ಬೇಸಿಗೆ ಬಂದರೆ ಹಿರಿಯೂರು ಸೀಮೆಗೆ ಕುರಿ ಹೊಡೆದುಕೊಂಡು ಹೋಗಿ, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಮಂದೆ ನಿಲ್ಲಿಸಿ, ಅವರು ಅಳೆದ ರಾಗಿ ಹೊತ್ತು ತರುವುದು ಅವನ ಕಸುಬು. ಹನ್ನೆರಡು ವರ್ಷದ ಕೆಳಗೆ ಹಾಗೆ ಹೋದವನು ಮಂದೆಯ ನಡುವೆಯೇ ಕುಸಿದ. ಹಾಲಸ್ವಾಮಿ ಎಂಟನೇ ಕ್ಲಾಸಿನ ಪುಸ್ತಕ ಅಟ್ಟಕ್ಕೆಸೆದು ಕೋಲು ಹಿಡಿದ.

ಅಜ್ಜ, ಅಪ್ಪ, ಹಾಲಸ್ವಾಮಿ, ಮೂವರಿಗೂ ಹಿಮ್ಮಡಿಯ ಮೇಲಿನ ನರದಲ್ಲಿ ಹುಣಸೆಬೀಜದಂಥ ಗಂಟುಗಳು. ಮನೆಯಲ್ಲಿ ಅದಕ್ಕೆ ನಡಿಗೆಯ ಗಂಟು ಎಂದು ಹೆಸರು. ಕುರಿಯ ಹಿಂದೆ ಸೀಮೆ ಸುತ್ತಿದ ಗಂಡಸಿಗೆ ಮಾತ್ರ ಬರುತ್ತದೆ ಎಂದು ಅಪ್ಪ ಪಂಚೆ ಎತ್ತಿ ತೋರಿಸಿ ಮೀಸೆ ತಿರುವುತ್ತಿದ್ದ. ಕಳೆದ ವರ್ಷ ದುರ್ಗದ ಡಾಕ್ಟರು ಅದನ್ನು ಒತ್ತಿ ನೋಡಿ, ನಡಿಗೆಯೂ ಅಲ್ಲ, ಮಣ್ಣೂ ಅಲ್ಲ, ರಕ್ತದಲ್ಲಿ ಮಿತಿಮೀರಿದ ಕೊಬ್ಬು ಅಲ್ಲಿ ಕೂತಿದೆ ಎಂದರು. ಹುಟ್ಟಿನಿಂದ ಬರುವಂಥದ್ದು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಒಂದೊಂದು ಮಗುವಿಗೂ ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಬಂದವರು ಬದುಕಿರುವ ತನಕ ಗುಳಿಗೆ ತಿನ್ನಬೇಕು. ಹಾಲಸ್ವಾಮಿಗೆ ಬಂದಿತ್ತು. ಗಿರಿಯಮ್ಮನಿಗೆ ಬಂದಿರಲಿಲ್ಲ. ಅವಳ ರಕ್ತದ ರಿಪೋರ್ಟು ಈಗ ಅವನ ಅಂಗಿಯ ಜೇಬಿನಲ್ಲಿತ್ತು.

ಐಮಂಗಲದವರಿಗೆ ಈ ಕಥೆಯನ್ನು ಯಾರೂ ಹೇಳಿರಲಿಲ್ಲ. ಮೊದಲು ಕಾಟಮ್ಮನ ಗಂಡ ಮುದ್ದಪ್ಪ, ಮಗ ನಾಗಣ್ಣ ಬಂದಿದ್ದರು. ಬೂಟು ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲೇ ಕೂತ ಹುಡುಗ ಗಿರಿಯಮ್ಮನನ್ನು ನೋಡಿ ನಾಚಿದ. ಅವಳೂ ನಾಚಿದಳು. ಒಪ್ಪಿಗೆಗೆಂದು ಹುಡುಗನಿಗೆ ಪಂಚೆ, ಶಲ್ಯ ಕೊಟ್ಟಾಯಿತು. ಆಮೇಲೆ ಸೋಮವಾರ ಕಾಟಮ್ಮ ಬಂದಳು. ಬಂದವಳೇ ಗಿರಿಯಮ್ಮನ ತಲೆಯನ್ನು ತನ್ನ ಕೈಯಾರೆ ಬಾಚಿ ಜಡೆ ಹಾಕಿದಳು. ಹೂ ಮುಡಿಸಿ ಕತ್ತೆತ್ತಿದಾಗ ಗೋಡೆಯ ಮೇಲಿನ ಅಪ್ಪನ ಫೋಟೋ ಕಂಡಿತು. ಇವರು ಯಾರು, ಯಾವಾಗ ಹೋದರು, ಏನಾಗಿತ್ತು ಎಂದು ಕೇಳಿದಳು. ಹಾಲಸ್ವಾಮಿಯ ಅವ್ವ ಬೊಮ್ಮಕ್ಕನಿಗೆ ಕಪಟ ಗೊತ್ತಿಲ್ಲ. ಎಲ್ಲ ಹೇಳಿಬಿಟ್ಟಳು. ಕಾಟಮ್ಮ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಮರುದಿನ ಬಟ್ಟೆ ತಿರುಗಿ ಬಂತು.

ಗಿರಿಯಮ್ಮ ಅವತ್ತಿನಿಂದ ಆ ಜಡೆ ಬಿಚ್ಚಿಲ್ಲ.

ಮುದ್ದಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಎಪ್ಪತ್ತು ದಾಟಿದ್ದರೂ ಕಡ್ಡಿಯಂತೆ ನೆಟ್ಟಗಿದ್ದ. ‘ಬರ್ರಿ, ಕುಂತ್ಕಳ್ರಿ,’ ಎಂದವನು ಕಣ್ಣು ತಪ್ಪಿಸಿದ. ಕಾಟಮ್ಮ ಯಾಕೆ ಬೇಡವೆಂದಳೋ ತನಗೂ ತಿಳಿಯದು, ಹತ್ತು ವರ್ಷ ಹರಕೆ ಹೊತ್ತು ಪಡೆದ ಒಬ್ಬನೇ ಮಗ, ಅವನ ವಿಷಯದಲ್ಲಿ ಅವಳದೇ ಮಾತು ಎಂದ. ಮಾತಿಗೆ ಮಾತು ಬಂದು, ತನ್ನ ಅಪ್ಪ ತೊಂಬತ್ತು ಕಂಡವನು, ಕಾಟಮ್ಮನ ಅವ್ವ ಇವತ್ತಿಗೂ ರಾಗಿ ಬೀಸುತ್ತಾಳೆ, ಎದೆನೋವು ಈ ಎರಡೂ ಮನೆಯ ಹೊಸಿಲು ಹತ್ತಿಲ್ಲ ಎಂದೂ ಹೇಳಿದ. ಹಾಲಸ್ವಾಮಿಗೆ ಅದು ಚುಚ್ಚಿದಂತಾಯಿತು. ಬಟ್ಟೆಯನ್ನು ಜಗಲಿಗೆ ಕುಕ್ಕಿ ಒಳಗೆ ನುಗ್ಗಿದ.

ಪಡಸಾಲೆಯ ತುಂಬ ಈರುಳ್ಳಿ ರಾಶಿ. ಕುರಿಯ ವಾಸನೆಯೇ ಇಲ್ಲದ ಮನೆ. ಗೂಟದಲ್ಲಿ ಮಾತ್ರ ಕುರಿ ಕಾಯುವವರು ಹೊದೆಯುವಂಥ ಬಿಳಿ ಅಂಚಿನ ಹಳೆಯ ಕರಿಕಂಬಳಿಯೊಂದು ನೇತಾಡುತ್ತಿತ್ತು. ಅದರ ಕೆಳಗೆ ಕಾಟಮ್ಮ ನಿಂತಿದ್ದಳು.

‘ಓದಿಸ್ಕಳ್ರಿ,’ ಎಂದು ಅವನು ರಿಪೋರ್ಟು ಚಾಚಿದ. ‘ನನ್ನ ತಂಗಿಗೆ ಅಪ್ಪನ ಕಾಯಿಲೆ ಬಂದಿಲ್ಲ. ಡಾಕ್ಟರ ಸಹಿ ಐತೆ.’

ಅವಳು ಕಾಗದ ಮುಟ್ಟಲಿಲ್ಲ. ‘ಹುಡುಗಿ ಬಂಗಾರದಂತೋಳು. ನಾನೇನು ಅಂದೆ?’

‘ಮತ್ತೆ ಯಾಕೆ ಬ್ಯಾಡ?’

‘ಆ ರಕ್ತ, ಈ ರಕ್ತ ಕೂಡಬಾರದಪ್ಪ. ಬಿಟ್ಬಿಡು.’

ಹಾಲಸ್ವಾಮಿ ಬಾಯಿಗೆ ಬಂದದ್ದೆಲ್ಲ ಅಂದ. ನಿಮ್ಮ ರಕ್ತವೇನು ಹಾಲೇ ಎಂದ. ಕಾಯಿಲೆ ಇರುವವನು ನಾನು, ನಾನೇ ಸತ್ತಿಲ್ಲ, ಇಲ್ಲದವಳಿಗೆ ಯಾಕೆ ಶಿಕ್ಷೆ ಎಂದ. ಅವನು ಉಸಿರಿಗೆ ನಿಂತಾಗ ಅವಳು ಮೆಲ್ಲಗೆ ಕೇಳಿದಳು:

‘ಗುಳಿಗೆ ತಿಂದ್ರೆ ಉಳೀತಾರಾ?’

‘ಬೇಗ ಶುರು ಮಾಡಿದ್ರೆ ಉಳೀತಾರೆ. ಯಾಕೆ, ನಾನು ಯಾವಾಗ ಹೋಗ್ತೀನಿ ಅಂತ ಲೆಕ್ಕ ಹಾಕ್ತಿದೀಯೇನು?’

ಅವಳ ಕಣ್ಣು ತುಂಬಿತು. ನಾಟಕ ಎಂದುಕೊಂಡ.

ಹಿತ್ತಲಲ್ಲಿ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ನಾಗಣ್ಣ ಬರಿಗಾಲಲ್ಲಿ ಬಂದ, ಮೊಣಕಾಲಿನ ತನಕ ಹೊಲದ ಕೆಸರು. ಇವನನ್ನು ಕಂಡು ಮುಖ ಸಣ್ಣದು ಮಾಡಿಕೊಂಡು, ‘ಭಾವ, ನಾನು ಬ್ಯಾಡ ಅಂದಿಲ್ಲ. ಅವ್ವಂಗೆ ನೀನೇ ಹೇಳು,’ ಎಂದ. ಬೆನ್ನು ತಿರುಗಿಸಿ ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಸುರಿದುಕೊಂಡ.

ಕೆಸರು ಇಳಿಯಿತು. ಒಂದು ದಿನವೂ ಕುರಿಯ ಹಿಂದೆ ನಡೆಯದ ಆ ಹುಡುಗನ ಎರಡೂ ಹಿಮ್ಮಡಿಯ ಮೇಲೆ ಹುಣಸೆಬೀಜದಂಥ ಗಂಟುಗಳಿದ್ದವು.

ಹಾಲಸ್ವಾಮಿ ಗೂಟದ ಕಂಬಳಿಯನ್ನು ನೋಡಿದ. ಕಾಟಮ್ಮ ತಲೆ ತಗ್ಗಿಸಿದಳು.

ಅವನು ರಿಪೋರ್ಟನ್ನು ಮಡಚಿ ಜೇಬಿಗಿಟ್ಟ. ಜಗಲಿಯ ಮುದ್ದಪ್ಪನಿಗೆ ಕೇಳದಷ್ಟು ಮೆಲ್ಲಗೆ ಅಂದ: ‘ನಾಳೇನೇ ಅವನನ್ನ ದುರ್ಗಕ್ಕೆ ಕಳ್ಸು, ರಕ್ತ ತೋರಿಸ್ತೀನಿ. ಅಪ್ಪಂದು ಇಬ್ಬರು ಗಂಡುಮಕ್ಕಳಿಗೂ ಬಂದೈತೆ.’