ಅರವತ್ತು ಕೆ.ಜಿ. ಕಲ್ಲು

"ಅರವತ್ತು ಕೆ.ಜಿ. ಕಮ್ಮಿ!" ಕಾವೇರಿ ದಡದಲ್ಲಿ ತಕ್ಕಡಿ ಹಿಡಿಸಿಕೊಂಡು ನಿಂತಿದ್ದ ದೋಣಿಪಂದ್ಯದ ತೀರ್ಪುಗಾರ ಮಹದೇವಯ್ಯ ಮೇಷ್ಟ್ರು ಕೂಗಿದರು. ಮಣದ ಲೆಕ್ಕ ಹೋಗಿ ಕೆ.ಜಿ. ಬಂದ ಹೊಸತು. ಮೇಷ್ಟ್ರಿಗೆ ಅದನ್ನು ಕೂಗುವುದೇ ಒಂದು ಸಂಭ್ರಮ.

ತಕ್ಕಡಿಯಲ್ಲಿದ್ದದ್ದು ಜಡಯ್ಯನ ಜೋಡಿದೋಣಿ. ಬಿದಿರು ಹೆಣೆದು ಚರ್ಮ ಹೊದಿಸಿದ ಎರಡು ತೆಳ್ಳನೆ ಒಡಲು, ನಡುವೆ ಬಿಗಿದ ಅಡ್ಡಬಿದಿರು. ಹೋದ ವರ್ಷ ಪಂದ್ಯ ಗೆದ್ದದ್ದು ಇದೇ. ಗೆದ್ದವರಿಗೆ ಒಂದು ವರ್ಷ ಕಡವು ನಡೆಸುವ, ಕಾಸು ಪಡೆದು ಜನರನ್ನು ಹೊಳೆ ದಾಟಿಸುವ ಹಕ್ಕು. ಜಡಯ್ಯ, ಅವನ ಹೆಂಡತಿ ಕೇತಮ್ಮ ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದು ದಡದಲ್ಲೇ ಗುಡಿಸಲು ಹಾಕಿದ್ದರು. ಸೋತರೆ ಗುಡಿಸಲೂ ಕೀಳಬೇಕು.

ಹೋದ ವರ್ಷ ಸೋತವರು ಪಂದ್ಯದ ಕಮಿಟಿ ಪ್ರೆಸಿಡೆಂಟ್ ವೃಷಭೇಂದ್ರಪ್ಪನವರು. ಅವರ ದೋಣಿ ಮಾವಿನ ದಿಮ್ಮಿಯದು; ಹೊಟ್ಟೆ ದಪ್ಪ, ಮೂತಿ ಮೊಂಡು, ಯಜಮಾನರ ಹಾಗೇ. ಅದನ್ನು ಕೆತ್ತಿ ಹಗುರ ಮಾಡುವ ಬದಲು ಅವರು ಹೊಸ ರೂಲ್ಸ್ ಕೆತ್ತಿಸಿದ್ದರು: ದೋಣಿ ನೂರಿಪ್ಪತ್ತು ಕೆ.ಜಿ.ಗೆ ಕಮ್ಮಿ ಇರಕೂಡದು. ಕಮ್ಮಿಯಾದರೆ ಕಲ್ಲು ತುಂಬಬೇಕು.

"ಅಗುರ ಆಗ್ಲಿ ಅಂತ ವರ್ಸೆಲ್ಲ ಬಿದ್ರು ಸೀಳಿವ್ನಿ ಬುದ್ಧಿ. ಈಗ ಕಲ್ಲು ತುಂಬು ಅಂದ್ರೆ?"

"ಎಲ್ರುಗೂ ಒಂದೇ ನ್ಯಾಯ ಕಣ್ಲಾ ಜಡಯ್ಯ. ತುಂಬು," ಎಂದರು ವೃಷಭೇಂದ್ರಪ್ಪ.

"ಇವ್ರ ದೋಣಿ ಜಾಸ್ತಿ ಅದಲ್ಲ ಮೇಷ್ಟ್ರೇ, ಅದುಕ್ಕೇನ್ ಮಾಡೀರಿ?" ಎಂದಳು ಕೇತಮ್ಮ.

"ಜಾಸ್ತಿಗೆ ರೂಲ್ಸ್ ಇಲ್ಲ ಕಣಮ್ಮ."

ಆಚೆ ದಡ ಮುಟ್ಟಿ ಮರಳುವ ಪಂದ್ಯ. ಕಲ್ಲು ಹೊತ್ತೂ ಬಿದಿರುದೋಣಿಯೇ ಮುಂದಿತ್ತು. ಮರಳುವಾಗ ನಡುಹೊಳೆಯಲ್ಲಿ ಹಿಂದಿನಿಂದ ಧಡಾರೆಂದಿತು. ಮಾವಿನ ದಿಮ್ಮಿ ಬಂಡೆಗೆ ಬಡಿದು ಮುಳುಗಿತು. ಹುಟ್ಟು ಹಾಕುತ್ತಿದ್ದ ಆಳು ಈಜಿ ದಡ ಸೇರಿದ. ಈಜು ಬಾರದ ಪ್ರೆಸಿಡೆಂಟರು ನೀರು ಕುಡಿಯತೊಡಗಿದರು.

"ಕಲ್ಲ ಬಿಸಾಕಮ್ಮಿ!" ಎಂದ ಜಡಯ್ಯ. ಕೇತಮ್ಮ ಅಷ್ಟೂ ಕಲ್ಲನ್ನು ಹೊಳೆಗೆ ಎಸೆದಳು. ಹಗುರಾದ ದೋಣಿಗೆ ಯಜಮಾನರನ್ನು ಎಳೆದು ಕೂರಿಸಿಕೊಂಡು ಇಬ್ಬರೂ ಹೊರಟ ದಡಕ್ಕೇ ಬಂದು ಮುಟ್ಟಿದರು.

ಮೇಷ್ಟ್ರು ದೋಣಿಯೊಳಗೆ ಇಣುಕಿದರು. "ಕಲ್ಲೆಲ್ಲಿ? ಕಲ್ಲಿಲ್ಲ ಅಂದ್ರೆ ತೂಕ ಇಲ್ಲ. ನೀವು ಔಟು. ಗೆದ್ದೋರು ವೃಷಭೇಂದ್ರಪ್ಪನೋರು."

"ಅವ್ರ ದೋಣಿ ಮುಳ್ಗೋಯ್ತಲ್ಲ ಸಾ!" ಎಂದ ಜಡಯ್ಯ.

"ಮುಳುಗಬಾರ್ದು ಅಂತ ರೂಲ್ಸ್ ಇಲ್ಲ."

ದೋಣಿಯಲ್ಲೇ ಕುಳಿತು ಕೆಮ್ಮುತ್ತಿದ್ದ ವೃಷಭೇಂದ್ರಪ್ಪ ಮೀಸೆಯ ನೀರು ಹಿಂಡಿಕೊಂಡರು. "ಎಲ್ರುಗೂ... ಒಂದೇ ನ್ಯಾಯ ಕಣ್ಲಾ."

ಕೇತಮ್ಮ ಗಳ ಎತ್ತಿ ದಡಕ್ಕೆ ಊರಿದಳು. "ಆಗ್ಲಿ ಮೇಷ್ಟ್ರೇ. ಇವ್ರನ್ನ ಎತ್ಕಂಡ ಜಾಗ್ದಲ್ಲೇ ಬುಟ್ಟು, ನಮ್ ಕಲ್ಲ ತಕಂಡ್ ಬತ್ತೀವಿ. ಆಮ್ಯಾಕ್ ತೂಗೀರಂತೆ."

ದೋಣಿ ಒಂದು ಮಾರು ಹಿಂದೆ ಸರಿಯಿತು. ಪ್ರೆಸಿಡೆಂಟರ ಎರಡೂ ಕೈಗಳು ಅಡ್ಡಬಿದಿರನ್ನು ತಬ್ಬಿಕೊಂಡವು.