ನೂರಿಪ್ಪತ್ತು, ಎಂಬತ್ತು

"ಬೇಗ ಬರೆದು ಏಳಿ ಡಾಕ್ಟರಮ್ಮ, ನಿಮ್ಮ ಹಿಂದೆ ಇನ್ನೂ ಹನ್ನೆರಡು ಜನ ಇದ್ದಾರೆ," ಎನ್ನುತ್ತ ಅಟೆಂಡರ್ ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟ. ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳ ಶರೀರಕ್ರಿಯಾಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಎಂದರೆ ಅವನಿಗೆ ಗಾಜಿನ ಸಾಮಾನು ತೊಳೆಯುವುದರಿಂದ ಬಿಡುವು. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು, ರಕ್ತದೊತ್ತಡ ಅಳೆಯಲು ತೋಳು ಕೊಟ್ಟರೆ ಆಯಿತು.

ಅಳೆಯುವುದು ಎಂಬುದು ಬರೀ ಮಾತಿಗೆ. ಪಟ್ಟಿ ಸುತ್ತಿ, ಗಾಳಿ ತುಂಬಿದ ಹಾಗೆ ಮಾಡಿ, ಆರೋಗ್ಯವಂತರ ಲೆಕ್ಕವಾದ ನೂರಿಪ್ಪತ್ತು, ಎಂಬತ್ತು ಎಂದು ಬರೆದರೆ ಪೂರ್ತಿ ಅಂಕ. ಬೇರೆ ಏನಾದರೂ ಬರೆದವರ ಕಿವಿಯೇ ಸರಿಯಿಲ್ಲ ಎಂದು ಪರೀಕ್ಷಕರು ಅಂಕ ಕತ್ತರಿಸುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಅಟೆಂಡರನೊಬ್ಬನನ್ನು ಬಿಟ್ಟು.

ಈಗ ಅವನೆದುರು ಕೂತಿದ್ದ ಹುಡುಗಿಗೆ ಈ ಪರೀಕ್ಷೆ ಮೂರನೆಯ ಸಲ. ಮೊದಲ ಸಲ ಮೂತ್ರಪಿಂಡದ ಪ್ರಶ್ನೆ ಕೈಕೊಟ್ಟಿತ್ತು, ಎರಡನೆಯ ಸಲ ನರಮಂಡಲದ್ದು. ಈ ಸಲವೂ ಹೋದರೆ ಕಾಲೇಜಿನಿಂದ ಹೆಸರೇ ತೆಗೆದುಹಾಕುತ್ತಾರೆ. ಜೊತೆಗೆ ಸೇರಿದವರು ವಾರ್ಡುಗಳಲ್ಲಿ ರೋಗಿಗಳನ್ನು ನೋಡುತ್ತಿದ್ದರೆ, ಇವಳು ಹೃದಯದ ನಾಲ್ಕು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಬೆಳಿಗ್ಗೆ ಅಪ್ಪ ಫೋನು ಮಾಡಿ ಆರೋಗ್ಯ ನೋಡಿಕೋ ಎಂದಷ್ಟೇ ಹೇಳಿ ಇಟ್ಟಿದ್ದ. ಬೈದಿದ್ದರೆ ವಾಸಿಯಿತ್ತು.

ನಿಜ ಹೇಳಬೇಕೆಂದರೆ ಅವಳು ಸ್ಟೆತೊಸ್ಕೋಪನ್ನು ಕಿವಿಗೆ ಏರಿಸಿದ್ದೂ ಅಳೆಯುವುದಕ್ಕಲ್ಲ. ಏರಿಸಿದರೆ ಸುತ್ತಲಿನ ಗದ್ದಲ ತಟ್ಟನೆ ನಿಂತುಹೋಗುತ್ತಿತ್ತು. ಎರಡು ನಿಮಿಷ ಯಾರ ಮಾತೂ ಕೇಳದೆ ಕೂತರೆ ಸಾಕಾಗಿತ್ತು. ಇನ್ನೂರು ದಾಟುವವರೆಗೆ ಗಾಳಿ ತುಂಬಿ, ಮೆಲ್ಲಗೆ ಬಿಡುತ್ತ ತಲೆ ಬಗ್ಗಿಸಿದಳು. ಪಾದರಸ ನೂರೆಂಬತ್ತೆರಡಕ್ಕೆ ಬಂದಾಗಲೇ ಟಕ್ ಟಕ್ ಎಂದು ಬಡಿತ ಶುರುವಾಯಿತು. ನೂರಹತ್ತಕ್ಕೆ ನಿಂತಿತು. ತನ್ನ ಕಿವಿಯದೇ ತಪ್ಪೆಂದುಕೊಂಡು ಮತ್ತೆ ತುಂಬಿದಳು. ಮತ್ತೂ ಅದೇ.

"ಅಣ್ಣಾ, ತಲೆಗಿಲೆ ನೋಯುತ್ತಾ?"

"ಬೆಳಗ್ಗೆ ಹೊತ್ತು ಸ್ವಲ್ಪ. ಈ ಸ್ಪಿರಿಟ್ ವಾಸನೆಗೆ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಲೆಕ್ಕ ಸಿಗ್ತಿಲ್ವಾ? ನಂದು ನೂರಿಪ್ಪತ್ತು, ಎಂಬತ್ತು. ಬೆಳಗ್ಗೆಯಿಂದ ಎಲ್ಲರೂ ಅದನ್ನೇ ಹೇಳಿದಾರೆ. ಬರೆದು ಪಾಸಾಗಿ."

ಅವಳು ಮೂರನೆಯ ಸಲ ಬಂದು ಕೂತದ್ದು ಅವನಿಗೆ ಗೊತ್ತಿತ್ತು. ಅವಳು ಹಾಳೆ ಹತ್ತಿರಕ್ಕೆ ಎಳೆದುಕೊಂಡಳು. ನೂರಿಪ್ಪತ್ತಾಗಲಿ, ನೂರೆಂಬತ್ತೆರಡಾಗಲಿ, ಶುರುವಾಗುವುದು ಒಂದರಿಂದಲೇ. ಒಂದು ಬರೆದು ಪೆನ್ನು ಅಲ್ಲೇ ನಿಂತಿತು. ಆಮೇಲೆ ಪಕ್ಕದಲ್ಲಿ ಎಂಟು ಬರೆದಳು, ಎರಡು ಬರೆದಳು.

ಬೆಳಗಿನಿಂದ ನಿಂತು ಸಾಕಾಗಿದ್ದ ಪರೀಕ್ಷಕರು ಹಾಳೆ ನೋಡಿ ಕೆಂಪು ಪೆನ್ನು ತೆರೆದರು. ಮೂರು ಸಲ ಕೂತರೂ ಕೇಳಿಸಿಕೊಳ್ಳುವುದು ಬರಲಿಲ್ಲವಲ್ಲ ಎಂದರು.

"ನೀವೇ ಒಂದ್ಸಲ ನೋಡಿ ಸರ್," ಎಂದಳು. ಅದು ಧೈರ್ಯವಲ್ಲ, ಸುಳ್ಳು ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಅವರು ಸಿಡಿಮಿಡಿಗೊಳ್ಳುತ್ತಲೇ ಅಳೆದರು. ಇನ್ನೊಮ್ಮೆ ಅಳೆದರು. ಪಕ್ಕದ ಮೇಜಿನ ಯಂತ್ರ ತರಿಸಿ ಅಳೆದರು. ಆಮೇಲೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ತಾವೇ ಪೂರ್ತಿ ಅಂಕ ಕೊಟ್ಟಿದ್ದ ಹಾಳೆಗಳ ರಾಶಿಯನ್ನು ನೋಡುತ್ತ ನಿಂತರು. ಕೊನೆಗೆ ಅಟೆಂಡರಿಗೆ, ಈಗಿಂದೀಗಲೇ ಆಸ್ಪತ್ರೆಗೆ ನಡಿ ಎಂದರು.

ಅಟೆಂಡರ್ ಏಳಲಿಲ್ಲ. ತೋಳಿನ ಪಟ್ಟಿಯನ್ನೂ ಬಿಚ್ಚಲಿಲ್ಲ. ಅವಳ ಮುಖವನ್ನೇ ನೋಡಿದ. ಕೋಪವೇನೂ ಇರಲಿಲ್ಲ, ಕೇಳಿದ್ದು ತಲೆಗೆ ಹೋಗದವನ ಹಾಗೆ ಕೂತಿದ್ದ.

"ಹೋದ ವರ್ಷ ನೀವೇ ನೋಡಿದ್ರಲ್ಲ ಡಾಕ್ಟರಮ್ಮ," ಎಂದ. "ನೂರಿಪ್ಪತ್ತು ಇದೆ ಅಣ್ಣ, ಚೆನ್ನಾಗಿದೀರಿ ಅಂದ್ರಿ. ಆವತ್ತೇ ನಾನು ಬಿ.ಪಿ. ಮಾತ್ರೆ ಬಿಟ್ಟಿದ್ದು."