ಕೊನೆಯ ಡಬ್ಬಿಯ ಬಿಲ್ಲೆ

ಮೇಲ್ ಗಾಡಿಗೆ ದಾರಿ ಬಿಟ್ಟು ಸಿಗ್ನಲ್ಲಿನ ಕೈ ಇಳಿಸಿದ ಮೇಲೆ ಸಿಗ್ನಲ್‌ಮ್ಯಾನನಿಗೆ ಅನುಮಾನ ಹೊಕ್ಕಿತು. ಗೂಡ್ಸನ್ನು ಆಗಷ್ಟೇ ಪಕ್ಕದ ಹಳಿಗೆ, ಸೈಡಿಂಗಿಗೆ, ಸರಿಸಿದ್ದರು. ಅದರ ಕೊನೆಯ ಡಬ್ಬಿಯ ಹಿಂದೆ ತೂಗುವ ಕೆಂಪು ಬಿಲ್ಲೆ ಕಂಡರೆ ಮಾತ್ರ ಗಾಡಿ ಪೂರ್ತಿ ಒಳಗೆ ಬಂದಂತೆ. ಒಂದು ಡಬ್ಬಿ ಕಳಚಿಕೊಂಡು ಮುಖ್ಯ ಹಳಿಯಲ್ಲೇ ಉಳಿದಿದ್ದರೆ ಮೇಲ್ ನೇರ ಬಂದು ಅದಕ್ಕೆ ಬಡಿಯುತ್ತದೆ. ಬಿಲ್ಲೆ ಕಂಡೆ ಎಂದು ಅವನೇ ಸ್ಟೇಷನ್ ಮಾಸ್ತರರಿಗೆ ಹೇಳಿದ್ದ. ಕಂಡದ್ದು ನಿಜ. ಆದರೆ ಇವತ್ತೋ, ನಿನ್ನೆಯೋ?

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ದಿನಗಳು ಒಂದರೊಳಗೊಂದು ಕಲಸಿಹೋಗಿದ್ದವು. "ಭಗವಂತಾ" ಎಂದು ಲಿವರನ್ನು ಹಿಂದಕ್ಕೆ ತಳ್ಳಿದ. ಸಿಗ್ನಲ್ಲಿನ ಕೈ ಎದ್ದು ಅಡ್ಡವಾಯಿತು. ಇನ್ನೂ ದೂರವಿದ್ದ ಮೇಲ್ ಕೂಗಿ ಕೂಗಿ ನಿಂತಿತು.

"ಏನಯ್ಯಾ, ಮೇಲನ್ನ ಎತ್ತಿನಗಾಡಿ ಅಂದ್ಕೊಂಡ್ಯಾ?" ಮಾಸ್ತರರು ಏದುಸಿರು ಬಿಡುತ್ತ ಸಿಗ್ನಲ್ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದರು.

"ಬಿಲ್ಲೆ ಒಂದ್ಸಲ ನೋಡಿ ಬನ್ನಿ, ಸ್ವಾಮಿ. ನನಗೆ ಅನುಮಾನ."

ಮಾಸ್ತರರ ಮುಖ ಬಿಳಿಚಿತು. ಸೈಡಿಂಗಿನ ತುದಿಯವರೆಗೂ ಓಡಿ ನೋಡಿ ಬಂದರು. "ಇದೆಯಲ್ಲೋ ಮಾರಾಯ! ನೀನು ಸರಿಯಾಗೇ ನೋಡಿದ್ದೀಯ."

ಅವನ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಮೂವತ್ತು ವರ್ಷ ಸೊಂಟದಲ್ಲಿದ್ದ ಕ್ಯಾಬಿನ್ನಿನ ಬೀಗದ ಕೈಗಳನ್ನು ಬಿಚ್ಚಿ ಮಾಸ್ತರರ ಮುಂದೆ ಹಿಡಿದ.

"ನೋಡಿದ್ದೇ ನನಗೆ ಗೊತ್ತಾಗಲಿಲ್ಲ, ಸ್ವಾಮಿ."